99.75: ಒಂದು ಸಂಖ್ಯೆಯ ವಿಮರ್ಶೆ

ಸಿನಿಮಾ ನೋಡಿ ವಿಮರ್ಶೆ ಬರೆಯುವವರಿದ್ದಾರೆ, ಪುಸ್ತಕ ಓದಿ ಬರೆಯುವವರಿದ್ದಾರೆ, ಹೊಸದಾಗಿ ತೆರೆದ ದರ್ಶಿನಿಯ ಖಾಲಿ ದೋಸೆಗೆ ಐದರಲ್ಲಿ ಮೂರೂವರೆ ಸ್ಟಾರ್ ಕೊಟ್ಟು ಪುಟಗಟ್ಟಲೆ ಬರೆಯುವವರೂ ಇದ್ದಾರೆ. ಸಂಖ್ಯೆಗಳನ್ನ ಮಾತ್ರ ಯಾರೂ ವಿಮರ್ಶೆ ಮಾಡಲ್ಲ. ದಶಾಂಶ ಬಿಂದು ಇರುವ ಒಂದು ಅಂಕಿಯನ್ನ ಯಾರಾದರೂ ಗಟ್ಟಿ ದನಿಯಲ್ಲಿ ಹೇಳಿದರೆ ಸಾಕು, ನಾವೆಲ್ಲ ತಲೆಯಾಡಿಸಿ ಮುಂದಿನ ಸ್ಲೈಡಿಗೆ ಹೋಗ್ತೀವಿ. ಅದಕ್ಕೇ ಇವತ್ತು ಒಂದು ಸಂಖ್ಯೆಯ ವಿಮರ್ಶೆ. ಅದು 99.75.

ನನಗೆ ಅದು ಸಿಕ್ಕಿದ್ದು ಆಫೀಸಿನ ಊಟದ ಟೇಬಲ್ಲಲ್ಲಿ. ನಮ್ಮ ಟೀಮಿನ ಗೆಳೆಯನೊಬ್ಬನಿಗೆ ಅಮೆರಿಕದ ಪೊಲೀಸರ ಬಾಡಿ ಕ್ಯಾಮೆರಾ ವಿಡಿಯೋ ನೋಡುವ ಚಟ. ಒಂದು ಕೈಯಲ್ಲಿ ಚಪಾತಿ, ಇನ್ನೊಂದರಲ್ಲಿ ಫೋನು. ಅವತ್ತಿನ ವಿಡಿಯೋದಲ್ಲಿ ಒಬ್ಬ ಕಾರಿನಿಂದ ಇಳಿದು ಓಡಕ್ಕೆ ಶುರುಮಾಡಿದ. ಪೊಲೀಸಿನವನು ಹಳದಿ ಬಣ್ಣದ ಪಿಸ್ತೂಲಿನಂಥದ್ದನ್ನ ಎತ್ತಿ ಗುರಿಯಿಟ್ಟ. ಟಪ್ ಅಂತು. ಓಡ್ತಿದ್ದವನು ಕಡಿದ ಬಾಳೆಗಿಡದ ಹಾಗೆ ಮುಖ ಅಡಿಯಾಗಿ ಬಿದ್ದ.

"ಟೇಸರ್ ಅಂದ್ರೆ ಇದು ನೋಡು. ನಮ್ ಪೊಲೀಸ್ರಿಗೂ ಇದನ್ನ ಕೊಟ್ಬಿಡ್ಬೇಕು ಕಣೋ. ಲಾಠಿ ಇಲ್ಲ, ಗುಂಡಿಲ್ಲ, ರಕ್ತ ಇಲ್ಲ. ಐದ್ ಸೆಕೆಂಡು, ಅಷ್ಟೇ. ಸ್ಟಡಿನೂ ಆಗಿದೆ, 99.75 ಪರ್ಸೆಂಟ್ ಜನಕ್ಕೆ ಏನೂ ಆಗಲ್ಲ" ಅಂದ.

ಟೇಬಲ್ಲಲ್ಲಿ ಇದ್ದವರೆಲ್ಲ ಹೌದು ಹೌದು ಅಂದರು. ನಾನೂ ಅಂದೆ. ಆಮೇಲೆ ಸೀಟಿಗೆ ಬಂದು ಕೂತಾಗ ಒಂಥರಾ ಕಸಿವಿಸಿ. ನಾವು ಮಾಡುವ ಕೆಲಸದಲ್ಲಿ 99.75 ಅಂದರೆ ವರ್ಷಕ್ಕೆ ಸುಮಾರು 22 ಗಂಟೆ ಸರ್ವರ್ ಮಲಗಿರುತ್ತೆ. ಅಷ್ಟಕ್ಕೇ ಕ್ಲೈಂಟು ನಮ್ಮ ಜನ್ಮ ಜಾಲಾಡ್ತಾನೆ. ಮನುಷ್ಯರ ವಿಷಯಕ್ಕೆ ಬಂದಾಗ ಅದೇ ಅಂಕಿ ಇಷ್ಟು ಸಲೀಸಾಗಿ ಗಂಟಲಲ್ಲಿ ಇಳೀತಲ್ಲ ಅಂತ ಆ ಸ್ಟಡಿಯನ್ನ ಹುಡುಕಿ ಓದಿದೆ.

ಸಂಖ್ಯೆ ಸುಳ್ಳಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. 2009ರಲ್ಲಿ ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಅದು. ಆರು ಪೊಲೀಸ್ ಇಲಾಖೆಗಳಲ್ಲಿ ಮೂರು ವರ್ಷ ಟೇಸರ್ ಬಿದ್ದ 1,201 ಜನರನ್ನ ವೈದ್ಯರು ಒಬ್ಬೊಬ್ಬರಾಗಿ ಲೆಕ್ಕ ಹಾಕಿದ್ದರು. 1,198 ಜನಕ್ಕೆ ಗಾಯವೇ ಇಲ್ಲ, ಇದ್ದರೂ ಸೂಜಿ ಚುಚ್ಚಿದ ಕಲೆಯಂಥ ಸಣ್ಣಪುಟ್ಟದ್ದು. ದೊಡ್ಡ ಗಾಯ ಆಗಿದ್ದು ಮೂವರಿಗೆ. ಅಲ್ಲಿಂದ ಬಂದಿದ್ದು 99.75. ಅಧ್ಯಯನ ಮಾಡಿದವರು ಏನನ್ನೂ ಮುಚ್ಚಿಟ್ಟಿಲ್ಲ. ಆದರೆ ಆ ಪುಟಗಳಲ್ಲಿ ಇರುವ ಬೇರೆ ಮಾತುಗಳು ನಮ್ಮ ಊಟದ ಟೇಬಲ್‌ವರೆಗೂ ಬರಲೇ ಇಲ್ಲ.

ಆ ಮೂವರು ಯಾರು? ಒಬ್ಬರಿಗೆ ಸ್ನಾಯುಗಳು ಒಡೆದು ರಕ್ತಕ್ಕೆ ಸೇರುವ ತೊಂದರೆ ಆಗಿತ್ತು. ಉಳಿದ ಇಬ್ಬರಿಗೆ ಆಗಿದ್ದು ತಲೆಬುರುಡೆಯ ಒಳಗಿನ ಪೆಟ್ಟು. ಕರೆಂಟಿನಿಂದಲ್ಲ. ಬಿದ್ದಿದ್ದರಿಂದ.

ಇದು ಅರ್ಥ ಆಗಬೇಕಾದರೆ ಆ ಯಂತ್ರ ಏನು ಮಾಡುತ್ತೆ ಅಂತ ನೋಡಬೇಕು. ಬಹುಕಾಲ ಎಲ್ಲೆಡೆ ಬಳಕೆಯಲ್ಲಿದ್ದ ಎಕ್ಸ್26 ಅನ್ನುವ ಮಾದರಿಯನ್ನೇ ತಗೊಳ್ಳಿ. ಗುಂಡಿ ಒತ್ತಿದಾಗ ಒತ್ತಡದಲ್ಲಿ ತುಂಬಿಟ್ಟ ನೈಟ್ರೋಜನ್ ಗಾಳಿ ಎರಡು ಸೂಜಿಗಳನ್ನ ಚಿಮ್ಮಿಸುತ್ತೆ. ಒಂದೊಂದರ ತುದಿಯಲ್ಲೂ ಗಾಳದ ಹಾಗೆ ಕೊಕ್ಕೆ, ಹಿಂದೆ ಕೂದಲಿನಷ್ಟು ತೆಳ್ಳನೆ ತಂತಿ. ಒಂದು ಸೂಜಿ ನೇರಕ್ಕೆ ಹೋಗುತ್ತೆ, ಇನ್ನೊಂದು 8 ಡಿಗ್ರಿ ಕೆಳಕ್ಕೆ. ಏಳು ಅಡಿ ದೂರದಿಂದ ಹೊಡೆದರೆ ಎರಡರ ನಡುವೆ ಸುಮಾರು ಒಂದಡಿ ಅಂತರ. ಆ ಒಂದಡಿಯಲ್ಲಿ ಬರುವ ಸ್ನಾಯುಗಳ ಮೂಲಕ ಸೆಕೆಂಡಿಗೆ 19 ಸಲದಂತೆ ಐದು ಸೆಕೆಂಡು ವಿದ್ಯುತ್ತು ಬಡಿಯುತ್ತೆ. ಗುಂಡಿ ಒತ್ತಿ ಹಿಡಿದರೆ ಐದು ಸೆಕೆಂಡಿಗೆ ನಿಲ್ಲಲ್ಲ, ಹರೀತಾನೇ ಇರುತ್ತೆ.

50,000 ವೋಲ್ಟ್ ಅಂತ ಪೇಪರಿನವರು ದಪ್ಪ ಅಕ್ಷರದಲ್ಲಿ ಹಾಕ್ತಾರಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಷ್ಟು ವೋಲ್ಟ್ ಬೇಕಾಗೋದು ಬಟ್ಟೆಯ ಪದರ ದಾಟಿ ಕಿಡಿ ಹಾರಕ್ಕೆ. ಮೈಯೊಳಗೆ ಸಿಗೋದು 1,200ರ ಆಸುಪಾಸು, ಅದೂ ಪ್ರತಿ ಸಲ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಈ ವಿಷಯದಲ್ಲಿ ಟೇಸರ್ ವಿರೋಧಿಗಳು ಹೆದರಿಸುವುದು ಜಾಸ್ತಿ.

ಆದರೆ ಆ ಐದು ಸೆಕೆಂಡು ಸ್ನಾಯು ನಿಮ್ಮ ಮಾತು ಕೇಳಲ್ಲ. ಎಡವಿ ಬೀಳುವಾಗ ನಾವು ಯೋಚನೆ ಮಾಡದೆಯೇ ಕೈ ಮುಂದೆ ಕೊಡ್ತೀವಿ, ಮುಖ ಒಂದು ಕಡೆ ತಿರುಗಿಸ್ತೀವಿ, ಮಂಡಿ ಬಗ್ಗಿಸ್ತೀವಿ. ಟೇಸರ್ ಬಿದ್ದವನಿಗೆ ಅದ್ಯಾವುದೂ ಆಗಲ್ಲ. ಮೈ ಸೆಟೆದು, ನಿಂತ ಎತ್ತರದಿಂದ ತಲೆ ನೇರ ನೆಲಕ್ಕೆ ಹೋಗುತ್ತೆ. ನೆಲ ಹುಲ್ಲಾಗಿದ್ದರೆ ಪುಣ್ಯ. ಕಾಂಕ್ರೀಟ್ ಆಗಿದ್ದರೆ? ಮೆಟ್ಟಿಲಾಗಿದ್ದರೆ? ಕಂಪನಿಯೇ ಅಚ್ಚು ಹಾಕಿಸಿರುವ ಎಚ್ಚರಿಕೆಗಳಲ್ಲಿ ಎತ್ತರದ ಜಾಗ, ನೀರು, ಪೆಟ್ರೋಲ್‌ನಂಥ ಹೊತ್ತಿಕೊಳ್ಳುವ ವಸ್ತು, ಕಣ್ಣಿಗೆ ಸೂಜಿ ಬೀಳೋದು, ಸ್ನಾಯು ಬಿಗಿದು ಮೂಳೆ ಮುರಿಯೋದು ಎಲ್ಲಾ ಇವೆ.

ಯೂಟ್ಯೂಬಿನಲ್ಲಿ ಪೊಲೀಸರಿಗೆ ತರಬೇತಿ ಕೊಡುವಾಗ ಅವರಿಗೇ ಟೇಸರ್ ಹೊಡೆದು ತೋರಿಸುವ ವಿಡಿಯೋಗಳಿವೆ, ನೋಡಿರ್ತೀರಿ. ಹೊಡೆಸಿಕೊಂಡವನು ಅರಚಿ, ಎದ್ದು, ನಕ್ಕು, ಜೊತೆಯವರ ಕೈ ಕುಲುಕ್ತಾನೆ. ಇಷ್ಟೇನಾ ಅನ್ಸುತ್ತೆ. ಮುಂದಿನ ಸಲ ಅವನ ಅಕ್ಕಪಕ್ಕ ನೋಡಿ. ಎರಡು ಕಡೆ ಇಬ್ಬರು ತೋಳು ಹಿಡಿದು ನಿಂತಿರ್ತಾರೆ, ಕೆಳಗೆ ಮೆತ್ತನೆ ಹಾಸು ಇರುತ್ತೆ, ಸೂಜಿ ಬೀಳೋದು ಬೆನ್ನಿಗೆ. ಹೊಡೆಸಿಕೊಳ್ಳುವವನು ಕಟ್ಟುಮಸ್ತಾದ ಆಳು, ಅವನಿಗೆ ಏನಾಗಲಿದೆ ಅಂತ ಮೊದಲೇ ಗೊತ್ತು. ರಸ್ತೆಯಲ್ಲಿ ತೋಳು ಹಿಡಿಯುವವರು ಯಾರೂ ಇರಲ್ಲ.

ಈಗ ಸಂಖ್ಯೆಯ ಎರಡನೇ ಪದರಕ್ಕೆ ಬರೋಣ. ಆ 1,201 ಜನರಲ್ಲಿ ಇಬ್ಬರು ಪೊಲೀಸ್ ವಶದಲ್ಲಿದ್ದಾಗ ಸತ್ತುಹೋದರು. ಅವರು ಆ ಮೂವರ ಲೆಕ್ಕದಲ್ಲಿಲ್ಲ. ಯಾಕಂದರೆ ಮರಣೋತ್ತರ ಪರೀಕ್ಷೆ ಮಾಡಿದವರು ಸಾವಿಗೆ ಟೇಸರ್ ಕಾರಣವಲ್ಲ ಅಂದರು. ಅವರು ಹೇಳಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಹೇಳಕ್ಕೆ ನನ್ನ ಹತ್ತಿರ ಆಧಾರವೂ ಇಲ್ಲ. ನಾನು ತೋರಿಸ್ತಿರೋದು ಇಷ್ಟೇ: ನಮ್ಮ ಸಂಖ್ಯೆ ನಿಂತಿರೋದು ಮರಣ ಪ್ರಮಾಣಪತ್ರದ ಒಂದು ಸಾಲಿನ ಮೇಲೆ. ಆ ಸಾಲನ್ನ ಬರೆಯುವವರ ಮೇಲೆ ಎಂಥೆಂಥ ಒತ್ತಡ ಇತ್ತು ಅನ್ನೋದೂ ನಮಗೆ ಗೊತ್ತಿರಬೇಕು.

2008ರಲ್ಲಿ ಒಹಾಯೊ ರಾಜ್ಯದ ಸಮ್ಮಿಟ್ ಕೌಂಟಿಯಲ್ಲಿ ಟೇಸರ್ ಕಂಪನಿ ಕೋರ್ಟಿಗೆ ಹೋಗಿ, ಮೂರು ಸಾವುಗಳ ದಾಖಲೆಯಿಂದ ತನ್ನ ಯಂತ್ರದ ಪ್ರಸ್ತಾಪವನ್ನ ತೆಗೆಸಿಹಾಕಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಪಕ್ಕದ ಕೌಂಟಿಯ ವೈದ್ಯರು ಮರುವಾರ ಅಂಥದ್ದೇ ಒಂದು ಹೆಣದ ಮುಂದೆ ನಿಂತಾಗ, ಬರೆಯುವ ಮುಂಚೆ ಎರಡು ಸಲ ಯೋಚನೆ ಮಾಡಿರಲ್ವಾ?

ಇನ್ನೊಂದು ಕಡೆ, ಬರೆಯಕ್ಕೆ ಸುಲಭವಾದ ಬೇರೆ ಹೆಸರೊಂದು ಸಿದ್ಧವಾಗಿತ್ತು. ಎಕ್ಸೈಟೆಡ್ ಡಿಲೀರಿಯಮ್. ಅಂದರೆ ಮನುಷ್ಯ ವಿಪರೀತ ಉದ್ರೇಕಗೊಂಡು, ಮೈ ಕಾದು, ತಾನಾಗಿಯೇ ಸತ್ತ ಅನ್ನುವ ವಿವರಣೆ. ಪೊಲೀಸ್ ವಶದಲ್ಲಾದ ಎಷ್ಟೋ ಸಾವುಗಳಿಗೆ ಈ ಹೆಸರು ಅಂಟಿಕೊಂಡಿತು. 2009ರಲ್ಲಿ ಅದನ್ನ ಬೆಂಬಲಿಸಿ ವರದಿ ಕೊಟ್ಟಿದ್ದ ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಸಂಘ 2023ರಲ್ಲಿ ಆ ವರದಿಯನ್ನ ವಾಪಸ್ ಪಡೆಯಿತು. ಅದೇ ವರ್ಷ ಮರಣೋತ್ತರ ಪರೀಕ್ಷಕರ ರಾಷ್ಟ್ರೀಯ ಸಂಘವೂ ಅದನ್ನ ಸಾವಿನ ಕಾರಣವಾಗಿ ಒಪ್ಪಲ್ಲ ಅಂತು. ಕ್ಯಾಲಿಫೋರ್ನಿಯಾ ಕಾನೂನು ಮಾಡಿ ನಿಷೇಧಿಸಿತು. ಒಳ್ಳೆಯದೇ ಆಯ್ತು. ಆದರೆ ಆ ಹೆಸರಿನಡಿ ವರ್ಷಗಟ್ಟಲೆ ಮುಚ್ಚಿಹೋದ ಫೈಲುಗಳನ್ನ ಮತ್ತೆ ಯಾರು ತೆಗೀತಾರೆ?

ಹೃದಯದ ಮಾತು ಬಿಟ್ಟರೆ ಈ ವಿಮರ್ಶೆ ಪೂರ್ತಿಯಾಗಲ್ಲ. 2012ರಲ್ಲಿ ಡಗ್ಲಸ್ ಜೈಪ್ಸ್ ಅನ್ನುವ ಹೆಸರಾಂತ ಹೃದ್ರೋಗ ತಜ್ಞ, ಎದೆಗೆ ಟೇಸರ್ ಬಿದ್ದ ಕೂಡಲೇ ಪ್ರಜ್ಞೆ ತಪ್ಪಿದ ಎಂಟು ಜನರ ಪ್ರಕರಣಗಳನ್ನ ಪ್ರಕಟಿಸಿ, ಈ ಯಂತ್ರ ಹೃದಯ ಸ್ತಂಭನಕ್ಕೆ ಕಾರಣವಾಗಬಲ್ಲದು ಅಂದರು. ಅವರು ಕಂಪನಿಯ ವಿರುದ್ಧದ ಮೊಕದ್ದಮೆಗಳಲ್ಲಿ ಸಂಭಾವನೆ ಪಡೆದ ಸಾಕ್ಷಿ, ಅದನ್ನೂ ಹೇಳಬೇಕು. ಅವರಿಗೆ ಉತ್ತರ ಕೊಟ್ಟವರಲ್ಲಿ ಕಂಪನಿಗೆ ಹತ್ತಿರದವರಿದ್ದರು, ಅದನ್ನೂ ಹೇಳಬೇಕು. ವಾದ ಇನ್ನೂ ಮುಗಿದಿಲ್ಲ. ಆದರೆ 2009ರಲ್ಲೇ ಕಂಪನಿ ತನ್ನ ತರಬೇತಿ ಪ್ರಕಟಣೆಯಲ್ಲಿ, ಸಾಧ್ಯವಾದಾಗ ಎದೆಯನ್ನ ಬಿಟ್ಟು ಕೆಳಗೆ ಗುರಿಯಿಡಿ ಅಂತ ಪೊಲೀಸರಿಗೆ ಸಲಹೆ ಕೊಟ್ಟಿತ್ತು. ಅಪಾಯ ತೀರಾ ಕಮ್ಮಿ ಅಂತಲೂ ಅದರಲ್ಲೇ ಹೇಳಿತ್ತು.

ತೀರಾ ಕಮ್ಮಿ ಅಂದರೆ ಎಷ್ಟು? ಇಲ್ಲಿ ಲೆಕ್ಕದ ಒಂದು ಸಣ್ಣ ಸೂತ್ರ ಇದೆ, ಡೇಟಾ ಸೈನ್ಸ್ ಓದಿದವರಿಗೆ ನೆನಪಿರಬಹುದು. ಇಷ್ಟು ಜನರಲ್ಲಿ ಒಬ್ಬರಿಗೂ ಅಪಾಯ ಆಗಲಿಲ್ಲ ಅಂತ ಕಂಡರೆ, ನಿಜವಾದ ಅಪಾಯದ ಮೇಲಿನ ಮಿತಿ ಮೂರನ್ನ ಆ ಜನರ ಸಂಖ್ಯೆಯಿಂದ ಭಾಗಿಸಿದಷ್ಟು ಅಂತ ತಗೋಬೇಕು. 1,201 ಜನರಲ್ಲಿ ಟೇಸರ್‌ನಿಂದ ಒಂದೂ ಸಾವಿಲ್ಲ ಅಂತ ಒಪ್ಪಿಕೊಂಡರೂ, ಆ ಅಧ್ಯಯನದಿಂದ ನಾವು ಖಚಿತವಾಗಿ ಹೇಳಬಹುದಾದ್ದು "400ರಲ್ಲಿ ಒಂದಕ್ಕಿಂತ ಹೆಚ್ಚಿರಲಾರದು" ಅನ್ನೋದಷ್ಟೇ. ನಿಜವಾದ ಪ್ರಮಾಣ ಅದಕ್ಕಿಂತ ಎಷ್ಟೋ ಕಮ್ಮಿ ಇರಬಹುದು, ಬಹುಶಃ ಇದೆ ಕೂಡ. ಆದರೆ ಈ ಅಧ್ಯಯನವನ್ನ ಹಿಡಿದು "ಸಾಯಲ್ಲ ಬಿಡು" ಅನ್ನೋಕಾಗಲ್ಲ.

ಮೂರನೇ ಪದರ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಯಂತ್ರವನ್ನ ಮೊದಲು "ಮಾರಕವಲ್ಲದ" ಆಯುಧ ಅನ್ನುತ್ತಿದ್ದರು, ಆಮೇಲೆ "ಕಡಿಮೆ ಮಾರಕ" ಅಂತಾಯ್ತು. ಕಡಿಮೆ ಅಂದರೆ ಯಾವುದಕ್ಕಿಂತ ಕಡಿಮೆ? ಬಂದೂಕಿಗಿಂತ. ಬಂದೂಕಿನ ಪಕ್ಕ ಇಟ್ಟರೆ ಅಡುಗೆಮನೆಯ ಲಟ್ಟಣಿಗೆಯೂ ಕಡಿಮೆ ಮಾರಕವೇ. ಗುಂಡು ಹಾರಬೇಕಾಗಿದ್ದ ಜಾಗದಲ್ಲಿ ಟೇಸರ್ ಹಾರಿದರೆ ಒಂದು ಜೀವ ಉಳೀತು, ಅದಕ್ಕೆ ಎರಡು ಮಾತಿಲ್ಲ. ಹಾಗೆ ಉಳಿದ ಜೀವಗಳಿವೆ. ಆದರೆ ಟೇಸರ್ ಹಾರಿದ ಪ್ರತಿ ಜಾಗದಲ್ಲೂ ಇಲ್ಲದಿದ್ದರೆ ಗುಂಡು ಹಾರುತ್ತಿತ್ತಾ?

ಷಿಕಾಗೋ ಪೊಲೀಸರು 2010ರಲ್ಲಿ ಟೇಸರನ್ನ ಗಸ್ತಿನವರ ಕೈಗೂ ಕೊಟ್ಟರು. ಬೋಕಾರ್ ಬಾ ಮತ್ತು ಜೆಫ್ರಿ ಗ್ರಾಗರ್ ಅನ್ನುವ ಅರ್ಥಶಾಸ್ತ್ರಜ್ಞರು ಅದರ ಪರಿಣಾಮ ಅಳೆದರು. ಟೇಸರ್ ಬಳಕೆ ಏರಿತು. ಪೊಲೀಸರಿಗೆ ಆಗುವ ಗಾಯ ಇಳಿಯಿತು, ಅದು ಸಣ್ಣ ಲಾಭವೇನಲ್ಲ. ಆದರೆ ಬಂದೂಕಿನ ಬಳಕೆಯಲ್ಲಿ ಗುರುತಿಸುವಂಥ ಬದಲಾವಣೆ ಸಿಗಲಿಲ್ಲ. ಜನರಿಗಾಗುವ ಗಾಯದಲ್ಲೂ ಇಲ್ಲ. ಅಂದರೆ ಅಲ್ಲಿ ಟೇಸರ್ ಬಂದು ಕೂತಿದ್ದು ಬಂದೂಕಿನ ಜಾಗದಲ್ಲಲ್ಲ. ಕೈ ಹಿಡಿದು ಎಳೆಯುವ, ನೆಲಕ್ಕೆ ಒತ್ತುವ ಜಾಗದಲ್ಲಿ.

ಅದೂ ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ಕೇಳಬೇಕು. ಅಮೆರಿಕದ 12 ಪೊಲೀಸ್ ಇಲಾಖೆಗಳ 24,000ಕ್ಕೂ ಹೆಚ್ಚು ಘಟನೆಗಳನ್ನ ಒಟ್ಟುಹಾಕಿದ 2009ರ ಇನ್ನೊಂದು ಅಧ್ಯಯನ, ಕೈ ಕೈ ಮಿಲಾಯಿಸುವುದಕ್ಕೆ ಹೋಲಿಸಿದರೆ ಟೇಸರ್ ಬಳಸಿದಾಗ ಗಾಯದ ಸಾಧ್ಯತೆ ಇಳಿಯುತ್ತೆ ಅನ್ನುತ್ತೆ. ಬ್ರಿಟನ್ನಿನ ಲೆಕ್ಕದಲ್ಲಿ ಟೇಸರ್ "ಬಳಕೆ" ಅಂತ ದಾಖಲಾಗುವ ಹತ್ತರಲ್ಲಿ ಸುಮಾರು ಒಂಬತ್ತು ಸಲ ಸೂಜಿ ಹಾರುವುದೇ ಇಲ್ಲ. ಹೊರಗೆ ತೆಗೆದರೆ, ಕೆಂಪು ಚುಕ್ಕಿ ಎದೆ ಮೇಲೆ ಬಿದ್ದರೆ ಸಾಕು, ಎದುರಿನವನು ತಣ್ಣಗಾಗ್ತಾನೆ. ಈ ಎರಡು ವಿಷಯವನ್ನ ಪಕ್ಕಕ್ಕಿಟ್ಟು ಟೇಸರ್ ಬಗ್ಗೆ ಬೈದು ಬರೆಯೋದು ನ್ಯಾಯ ಅಲ್ಲ.

ಆದರೆ ಸರಾಸರಿ ಅನ್ನೋದು ಯಾರ ಮೈಯೂ ಅಲ್ಲ. ರಾಯಿಟರ್ಸ್ ಸುದ್ದಿಸಂಸ್ಥೆ 2017ರಲ್ಲಿ ಅಮೆರಿಕದ ಪೊಲೀಸರು ಟೇಸರ್ ಬಳಸಿದ ನಂತರ ಆದ 1,005 ಸಾವುಗಳನ್ನ ಒಂದೊಂದಾಗಿ ಕಲೆಹಾಕಿತು. ಅವುಗಳಲ್ಲಿ 153 ಸಾವುಗಳಿಗೆ ಟೇಸರ್ ಕಾರಣ ಅಥವಾ ಕಾರಣಗಳಲ್ಲಿ ಒಂದು ಅಂತ ಮರಣೋತ್ತರ ವರದಿಗಳಲ್ಲೇ ಇತ್ತು. ಸತ್ತವರಲ್ಲಿ ಹತ್ತಕ್ಕೆ ಒಂಬತ್ತು ಜನರ ಕೈಯಲ್ಲಿ ಆಯುಧ ಇರಲಿಲ್ಲ. ನಾಲ್ವರಲ್ಲಿ ಒಬ್ಬರಿಗೆ ಮಾನಸಿಕ ಅಥವಾ ನರಸಂಬಂಧಿ ಕಾಯಿಲೆ ಇತ್ತು. ನೂರಕ್ಕೂ ಹೆಚ್ಚು ಪ್ರಕರಣಗಳು ಶುರುವಾಗಿದ್ದು, ಯಾರಿಗೋ ಹುಷಾರಿಲ್ಲ ಸಹಾಯ ಮಾಡಿ ಅಂತ 911ಕ್ಕೆ ಹೋದ ಫೋನ್‌ನಿಂದ. ಮಗನಿಗೆ ಏನೋ ಆಗ್ತಿದೆ ಬನ್ನಿ ಅಂತ ಕರೆದ ಮನೆಯವರೂ ಅವರಲ್ಲಿ ಇರ್ತಾರೆ ಅಂತ ಯೋಚಿಸಿ ನೋಡಿ.

ಎರಡು ಘಟನೆ ಹೇಳಿ ಮುಗಿಸ್ತೀನಿ.

ಒಂದು, 2007ರ ಅಕ್ಟೋಬರ್ 14, ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣ. ರಾಬರ್ಟ್ ಜೆಕಾನ್ಸ್ಕಿ, 40 ವರ್ಷ, ಪೋಲೆಂಡಿನಿಂದ ಅಮ್ಮನ ಜೊತೆ ಇರಲು ಬಂದವನು. ಇಂಗ್ಲಿಷ್ ಬರಲ್ಲ. ಒಳಗೇ ದಾರಿ ತಿಳಿಯದೆ ಸುಮಾರು ಹತ್ತು ಗಂಟೆ ಅಲೆದು, ಬಳಲಿ, ಕೊನೆಗೆ ಸಿಟ್ಟಿಗೆದ್ದು ಕುರ್ಚಿ ಗಿರ್ಚಿ ಎಸೆದ. ನಾಲ್ಕು ಜನ ಪೊಲೀಸರು ಬಂದರು. ಅವರು ಬಂದ ಅರ್ಧ ನಿಮಿಷದ ಆಸುಪಾಸಿನಲ್ಲೇ ಮೊದಲ ಟೇಸರ್ ಹಾರಿತು. ಆಗ ಅವನ ಕೈಯಲ್ಲಿದ್ದಿದ್ದು ಸ್ಟೇಪ್ಲರ್. ಒಟ್ಟು ಐದು ಸಲ. ಅಲ್ಲೇ ಸತ್ತ. ಪ್ರಯಾಣಿಕನೊಬ್ಬ ತೆಗೆದ ವಿಡಿಯೋ ಹೊರಗೆ ಬಂದಮೇಲೆ ಪೊಲೀಸರ ಮೊದಲ ಹೇಳಿಕೆ ನಿಲ್ಲಲಿಲ್ಲ. ನಿವೃತ್ತ ನ್ಯಾಯಾಧೀಶ ಥಾಮಸ್ ಬ್ರೇಡ್‌ವುಡ್ ನಡೆಸಿದ ವಿಚಾರಣೆ 2010ರಲ್ಲಿ ಮುಗಿದಾಗ ಬಂದ ತೀರ್ಮಾನ: ಟೇಸರ್ ಬಳಸುವ ಸಂದರ್ಭವೇ ಅದಲ್ಲ.

ಎರಡು, 2023ರ ಮೇ ತಿಂಗಳು, ಆಸ್ಟ್ರೇಲಿಯಾದ ಕೂಮಾ ಅನ್ನುವ ಪುಟ್ಟ ಊರಿನ ವೃದ್ಧಾಶ್ರಮ. ಕ್ಲೇರ್ ನೌಲಂಡ್, 95 ವರ್ಷದ ಅಜ್ಜಿ. ಮರೆವಿನ ಕಾಯಿಲೆಯ ಲಕ್ಷಣಗಳಿದ್ದವು. ತೂಕ 50 ಕೆಜಿಗಿಂತ ಕಮ್ಮಿ. ವಾಕರ್ ಹಿಡಿದೇ ನಡೆಯುವವರು. ನಸುಕಿನಲ್ಲಿ ಎದ್ದು, ಅಡುಗೆಮನೆಯ ಚಾಕು ಹಿಡಿದು ಓಡಾಡ್ತಿದ್ದರು. ಚಾಕು ಕೆಳಗಿಡಿ ಅಂತ ಪೊಲೀಸರು ಹೇಳಿದರು, ಇಡಲಿಲ್ಲ. ಮಾತು ಶುರುವಾಗಿ ಮೂರು ನಿಮಿಷವೂ ಆಗಿರಲಿಲ್ಲ, ಒಬ್ಬ ಪೊಲೀಸ್ ಟೇಸರ್ ಹೊಡೆದ. ಅಜ್ಜಿ ಬಿದ್ದರು, ತಲೆ ನೆಲಕ್ಕೆ ಬಡಿಯಿತು, ಒಂದು ವಾರಕ್ಕೆ ತೀರಿಕೊಂಡರು. 2024ರಲ್ಲಿ ಜ್ಯೂರಿ ಆ ಪೊಲೀಸ್ ತಪ್ಪಿತಸ್ಥ ಅಂತು. ಮರುವರ್ಷ ಜೈಲಿಲ್ಲದ ಶಿಕ್ಷೆ ಆಯ್ತು.

ಟೇಸರ್ ಇಲ್ಲದಿದ್ದರೆ ಆ ಅಜ್ಜಿಗೆ ಯಾರಾದರೂ ಗುಂಡು ಹೊಡೀತಿದ್ರಾ? ಲಾಠಿಯಲ್ಲಿ ಬಡೀತಿದ್ರಾ? ಇಲ್ಲ. ಬಾಗಿಲು ಎಳೆದುಕೊಂಡು ಹೊರಗೆ ನಿಂತಿರ್ತಿದ್ರು. ಮನೆಯವರನ್ನ ಕರೆಸ್ತಿದ್ರು. ಕುರ್ಚಿ ತಂದಿಟ್ಟು, ಅಜ್ಜಿಗೆ ಸುಸ್ತಾಗಿ ಕೂರುವವರೆಗೂ ಕಾಯ್ತಿದ್ರು. ಅಲ್ಲಿ ಟೇಸರ್ ಯಾವ ದೊಡ್ಡ ಆಯುಧದ ಬದಲಿಗೂ ಬರಲಿಲ್ಲ, ಕಾಯುವುದರ ಬದಲಿಗೆ ಬಂತು. 99.75 ಅನ್ನುವ ಸಂಖ್ಯೆಯ ಮೇಲೆ ನನಗಿರುವ ತಕರಾರು ಇದೇ. ಅದು ಸೂಜಿ ಚುಚ್ಚಿದ ಮೇಲೆ ಏನಾಯ್ತು ಅಂತ ಅಳೆಯುತ್ತೆ. ಚುಚ್ಚಬೇಕಾಗಿತ್ತಾ ಅನ್ನುವ ಪ್ರಶ್ನೆಗೆ ಅದರಲ್ಲಿ ಕಾಲಮ್ಮೇ ಇಲ್ಲ. "ಏನೂ ಆಗಲ್ಲ" ಅನ್ನುವ ನಂಬಿಕೆ ಕೈಯಲ್ಲಿದ್ದಾಗ, ಕಾಯುವ ತಾಳ್ಮೆ ಮೊದಲು ಹೋಗುತ್ತೆ.

ಬ್ರೇಡ್‌ವುಡ್ ಕೊಟ್ಟ ಶಿಫಾರಸು ಸರಳವಾಗಿತ್ತು. ಎದುರಿನವನು ಯಾರಿಗಾದರೂ ಪೆಟ್ಟು ಮಾಡ್ತಿರಬೇಕು, ಇಲ್ಲಾ ಈ ಕ್ಷಣ ಮಾಡುವುದರಲ್ಲಿರಬೇಕು. ಬಾಯಿಮಾತಿನಿಂದ ಆಗಲ್ಲ ಅಂತ ಖಾತ್ರಿಯಾಗಿರಬೇಕು. ಆಗ ಮಾತ್ರ. ಹೇಳಿದ ಹಾಗೆ ಕೇಳಲಿಲ್ಲ ಅನ್ನೋದು ಕಾರಣ ಅಲ್ಲ. ಯಂತ್ರದ ಅಪಾಯ ಎಷ್ಟು ಅನ್ನೋದು ಯಂತ್ರದೊಳಗಿನ ಸರ್ಕ್ಯೂಟಿನಲ್ಲಿ ಅರ್ಧ ಇದ್ದರೆ, ಇನ್ನರ್ಧ ಈ ನಿಯಮದಲ್ಲಿದೆ.

ಮರುದಿನ ಊಟಕ್ಕೆ ಕೂತಾಗ ಗೆಳೆಯನಿಗೆ ಇಷ್ಟನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿದ. "ಆದ್ರೂ ಲಾಠಿಗಿಂತ ವಾಸಿ ಅಲ್ವೇನೋ?" ಅಂದ.

ಇರಬಹುದು. ಒಂದು ಏಟು ಲಾಠಿಗೂ ಒಂದು ಟೇಸರ್‌ಗೂ ಹೋಲಿಸಿದರೆ ಇರಬಹುದು. ಆದರೆ ನಮ್ಮಲ್ಲಿ ಲಾಠಿ ಬೀಳುವ ಕಡೆಯಲ್ಲೆಲ್ಲ ಅದು ಬೀಳಲೇಬೇಕಾಗಿತ್ತಾ ಅಂತ ನಾವು ಕೇಳಿದ್ದೀವಾ? ಆ ಲೆಕ್ಕ ಯಾರ ಹತ್ತಿರ ಇದೆ? ಅದನ್ನ ಕೇಳುವ ಅಭ್ಯಾಸವೇ ಇಲ್ಲದ ಕಡೆ, ಗುರುತೇ ಉಳಿಯದ ಒಂದು ಏಟು ಕೈಗೆ ಬಂದರೆ ಕೇಳ್ತೀವಾ?

ಅವನು ಫೋನ್ ತೆಗೆದು ನಿನ್ನೆಯ ವಿಡಿಯೋವನ್ನ ಮತ್ತೆ ಹಾಕಿದ. ಓಡ್ತಿದ್ದವನು ಬೀಳುವ ಜಾಗಕ್ಕೆ ಬಂದಾಗ ನಿಲ್ಲಿಸಿದ. ಕೆಳಗಿದ್ದಿದ್ದು ಡಾಂಬರು. ನಿನ್ನೆ ನಾವಿಬ್ಬರೂ ಅದನ್ನ ಗಮನಿಸಿರಲಿಲ್ಲ.